ದನಿಮನೆಯ ಬಾಗಿಲು

ಬೆಟ್ಟಗಳಿಗೆ ಇನ್ನೂ ಮಾತು ಬರುತ್ತಿದ್ದ ಕಾಲದಲ್ಲಿ ಮಂಜಾವತಿ ಎಂಬ ರಾಜ್ಯವಿತ್ತು. ಅಲ್ಲಿ ಯಾರಾದರೂ ತೀರಿಕೊಂಡರೆ ಅವರ ದನಿಯನ್ನು ಗಡಿಗೆಯಲ್ಲಿ ಹಿಡಿದು ದನಿಮನೆಯಲ್ಲಿ ಇಡುತ್ತಿದ್ದರು. ಮಕ್ಕಳು ಬಂದು ಮುಚ್ಚಳ ತೆಗೆದರೆ ಸತ್ತ ತಾಯಿ ಮಾತಾಡುತ್ತಿದ್ದಳು.

ದನಿಮನೆಯ ಬಾಗಿಲಿಗೆ ಜೀವವಿತ್ತು. ಬೇರೇನೂ ಹೇಳಿಕೊಡದಿದ್ದರೆ ಅದು ಬಂದವರಿಗೆಲ್ಲ ತೆರೆದುಕೊಳ್ಳುತ್ತಿತ್ತು. ಕಾವಲುಗಾರ್ತಿ ದೇಕಬ್ಬೆಗೆ ಅದೇ ಭಯ. ತೀರಿಹೋದ ಅವಳ ಮಗಳು ನಾಗುಲಿಯ ದನಿಯೂ ಒಳಗಿತ್ತು.

ಅವಳು ದೊರೆ ನನ್ನಿಗರಸನ ಬಳಿ ಹೋದಳು. "ಬುದ್ಧೀ, ದನಿ ಕುಡಿಯುವ ಮಾಂತ್ರಿಕ ಪಕ್ಕದ ಸೀಮೆಗೆ ಬಂದಿದ್ದಾನಂತೆ. ಬಾಗಿಲು ಮುಚ್ಚಿಯೇ ಇರಲಿ. ಆಯಾ ಮನೆಯವರಿಗೆ ಮಾತ್ರ ತೆರೆಯಲಿ."

ದೊರೆ ಒಪ್ಪಿದ. ಮೊದಲು ಅರಮನೆಯ ಅಪ್ಪಣೆ ಇದ್ದವರಿಗಷ್ಟೇ ಬಾಗಿಲು ತೆರೆಯಿತು. "ನನ್ನ ಹೆಂಡತಿ ಮಾತು ಕೇಳೋಕೂ ಅಪ್ಪಣೆ ಬೇಕಾ?" ಎಂದು ಮುದುಕರು ಅತ್ತರು. ಆಮೇಲೆ ಮನೆಗೊಂದು ಗುಟ್ಟಿನ ಮಾತು ಕೊಟ್ಟರು. ಜನ ಅದನ್ನು ಮರೆತರು, ಬೀದಿಯಲ್ಲಿ ಕೂಗಿ ಕೇಳಿಕೊಂಡರು. ಕೊನೆಗೆ ಬಾಗಿಲು ಅಂಗೈ ಮುಟ್ಟಿ ಗುರುತು ಹಿಡಿಯಲು ಕಲಿಯಿತು. ಆದರೆ ಒಬ್ಬೊಬ್ಬರ ಅಂಗೈ ನೋಡುವಷ್ಟರಲ್ಲಿ ಸಾಲು ಬೆಳೆಯಿತು. ಬೇಸತ್ತ ಜನ ಬಾಗಿಲು ಮುಚ್ಚದಂತೆ ಕಲ್ಲು ಅಡ್ಡ ಇಟ್ಟರು.

ದೇಕಬ್ಬೆ ಕಲ್ಲು ತೆಗೆದಳು. ಅವರು ಮತ್ತೆ ಇಟ್ಟರು. "ಇವತ್ತೊಂದು ದಿನ ಬಿಡಕ್ಕಾ," ಎಂದರು. ದೊರೆಯೂ, "ಹಬ್ಬ ಕಳೆಯಲಿ, ನೋಡೋಣ," ಎಂದ.

ಹಬ್ಬದ ದಿನ ಮಾಂತ್ರಿಕ ಎಲ್ಲರ ಜೊತೆ ಸಾಲಿನಲ್ಲೇ ಬಂದ. ಮುಂದಿದ್ದವನೊಬ್ಬ ಕದ ಹಿಡಿದು, "ಬನ್ನಿ ಸ್ವಾಮಿ," ಎಂದ. ಮಾಂತ್ರಿಕ ಒಳಹೊಕ್ಕು ಗಡಿಗೆಗಳನ್ನೆಲ್ಲ ಕುಡಿದ. ಹೊಟ್ಟೆ ಉಬ್ಬಿಸಿಕೊಂಡು ಕೆರೆಯತ್ತ ಓಡಿದ.

ದೇಕಬ್ಬೆ ಬೆನ್ನಟ್ಟಿದಳು. ಕೆರೆಯ ಏರಿಯ ಮೇಲೆ ನಿಂತು, "ನಾಗುಲೀ!" ಎಂದು ಕೂಗಿದಳು.

"ಅವ್ವಾ!" ಎಂದಿತು ಮಾಂತ್ರಿಕನ ಹೊಟ್ಟೆ.

ಅವನು ಬಾಯಿ ಮುಚ್ಚಿಕೊಂಡ. ಆಗಲಿಲ್ಲ. ಒಂದರ ಹಿಂದೆ ಒಂದು ದನಿ ಹೊರನುಗ್ಗಿತು, ಮಾಂತ್ರಿಕ ಹೊಟ್ಟೆ ಒಡೆದು ಸತ್ತ. ಜನ ಗಡಿಗೆ ಹಿಡಿದು ಓಡಿ ಬರುವಷ್ಟರಲ್ಲಿ ದನಿಗಳು ಗಾಳಿಯಲ್ಲಿ ಕರಗಿಹೋಗಿದ್ದವು.

ಮರುದಿನ ಎಲ್ಲರೂ ಸಾಲಿನಲ್ಲಿ ನಿಂತು ಬಾಗಿಲಿಗೆ ಅಂಗೈ ಕೊಟ್ಟರು. ಯಾರೂ ಗೊಣಗಲಿಲ್ಲ. ಒಳಗೆ ಕಾಯುವುದಕ್ಕೆ ಏನೂ ಉಳಿದಿರಲಿಲ್ಲ.

ಮಾಂತ್ರಿಕನ ಕಾಟ ತೀರಿತು, ಮಳೆ ಬೆಳೆ ಆಯಿತು, ಮಂಜಾವತಿ ಸುಖವಾಗಿತ್ತು ಎಂದೇ ಊರೂರಲ್ಲಿ ಹೇಳುತ್ತಾರೆ. ದೊರೆ ತುಂಬಿದ ಸಭೆಯಲ್ಲಿ ದೇಕಬ್ಬೆಗೆ ಶಾಲು ಹೊದಿಸಿ, "ಏನು ಬೇಕೋ ಕೇಳು ತಾಯಿ," ಎಂದ.

"ನನ್ನ ನಾಗುಲಿ ಅವ್ವಾ ಅಂದ ದನಿ ಹೇಗಿತ್ತು ಬುದ್ಧೀ?" ಎಂದಳು ಅವಳು. "ನಿನ್ನೆಯವರೆಗೂ ನೆನಪಿತ್ತು."