ಬಲಗಿವಿಯ ಗಿಟಾರ್

ನಂಬಿಸುವ ಹಟ ನನಗಿಲ್ಲ, ನಡೆದದ್ದಷ್ಟೇ ಹೇಳುತ್ತೇನೆ. ಅಕ್ಕನ ರೆಕಾರ್ಡಿಂಗ್ ಕೋಣೆಯಲ್ಲಿ ಆ ಮಧ್ಯಾಹ್ನ ನಾವಿಬ್ಬರೇ ಇದ್ದೆವು. ನಮ್ಮ ಮೆಟಲ್ ಹಾಡಿಗೆ ಗಿಟಾರಿನ ದನಿ ಹದಕ್ಕೇ ಬರುತ್ತಿರಲಿಲ್ಲ. ದನಿಯನ್ನು ಒರಟಾಗಿಸುವ ಗೇನ್ ಇಳಿಸಿದೆ, ಬೇಸ್ ತಗ್ಗಿಸಿದೆ, ಕೈ ನಿಂತೊಡನೆ ಸದ್ದೂ ನಿಲ್ಲಲೆಂದು ನಾಯ್ಸ್ ಗೇಟ್ ಬಿಗಿ ಮಾಡಿದೆ. ಕೊನೆಗೆ ಇಟ್ಟಿಗೆ ಒಡೆದಂಥ ದನಿ ಬಂತು. ಅದೇ ನುಡಿತವನ್ನು ಎಡಗಿವಿಗೊಮ್ಮೆ, ಬಲಗಿವಿಗೊಮ್ಮೆ ರೆಕಾರ್ಡ್ ಮಾಡಬೇಕಿತ್ತು. ಎಡಗಡೆಯದು ಸಲೀಸಾಗಿ ಮುಗಿಯಿತು.

ಬಲಗಡೆಯದಕ್ಕೆ ಅಕ್ಕ ಗುಂಡಿ ಒತ್ತಿದಳು. ನಾನಿನ್ನೂ ಬೆವರೊರೆಸಿಕೊಳ್ಳುತ್ತಿದ್ದೆ. ಹೆಡ್‌ಫೋನಿನ ಬಲಗಿವಿಯಲ್ಲಿ ಗಿಟಾರ್ ಶುರುವಾಯಿತು.

"ಮೊದಲಿಗಿಂತ ಚೆನ್ನಾಗಿದೆ ಕಣೋ, ನಿಲ್ಲಿಸ್ಬೇಡ," ಎಂದಳು ಅಕ್ಕ, ನಡುವಿನ ಗಾಜಿನಾಚೆಯಿಂದ, ತಲೆಯೆತ್ತದೆ.

"ಅಕ್ಕಾ, ನಾನು ನುಡಿಸ್ತಿಲ್ಲ."

ಅವಳು ತಲೆಯೆತ್ತಿದಳು. ನನ್ನ ಎರಡೂ ಕೈ ಟವೆಲಿನಲ್ಲಿದ್ದವು. ತೊಡೆಯ ಮೇಲಿನ ಗಿಟಾರ್ ಮಂಜುಗಡ್ಡೆಯಂತೆ ಕೊರೆಯುತ್ತಿತ್ತು. ಒಂದು ತಂತಿಯೂ ಅಲುಗುತ್ತಿರಲಿಲ್ಲ. ಸದ್ದು ನಿಂತಾಗಲೆಲ್ಲ, ನಾಯ್ಸ್ ಗೇಟ್ ಮುಚ್ಚುವ ಮುನ್ನ, ಯಾರೋ ಉಸಿರೆಳೆದುಕೊಳ್ಳುತ್ತಿದ್ದರು. ಗಿಟಾರಿನ ಕೇಬಲ್ ಕಿತ್ತೆ. ಆಮೇಲೂ ಅದು ನಾಲ್ಕು ಸಲ ನುಡಿದು ನಿಂತಿತು.

ಆ ರೆಕಾರ್ಡಿಂಗನ್ನು ನಾವು ಒಮ್ಮೆ ಮಾತ್ರ ಕೇಳಿದೆವು. ಅದರಲ್ಲಿನ ಅತಿ ತಗ್ಗಿನ ಸ್ವರಕ್ಕೆ ಏಳನೆಯ ತಂತಿ ಬೇಕು. ನನ್ನ ಗಿಟಾರಿಗೆ ಇರುವುದು ಆರೇ.