ಹಿಂದಿನ ಸೀಟಿನ ಹಿತ್ತಾಳೆ ತಗಡು

ಷೆಡ್ಡಿನ ಬಾಗಿಲು ತೆಗೆದು, ಪಿಕಪ್‌ನ ಹಿಂದಿನ ಸೀಟು ಮಡಚಿ ಟಾರ್ಚ್ ಬಿಟ್ಟೆ. ಹಿತ್ತಾಳೆ ತಗಡು ಇದ್ದ ಕಡೆ ಒಂದು ಚೌಕದ ಗುರುತು ಮಾತ್ರ ಉಳಿದಿತ್ತು.

ನಮ್ಮ ಮಾವ ಬದುಕಿದ್ದಾಗ ಅವರ ವರ್ಕ್‌ಶಾಪಿನಲ್ಲಿ, ಇಬ್ಬರೇ ಕೂರುವ ಸಣ್ಣ ಪಿಕಪ್‌ಗಳ ಕ್ಯಾಬಿನ್ ಕತ್ತರಿಸಿ, ಉದ್ದ ಮಾಡಿ, ಹಿಂದೊಂದು ಸೀಟು ಕೂರಿಸಿಕೊಡುತ್ತಿದ್ದರು. ಅಂಥ ಗಾಡಿಗಳು ಈಗ ಬೆರಳೆಣಿಕೆಯಷ್ಟು, ನಕಲುಗಳು ಬೇಕಾದಷ್ಟು. ಅಸಲಿ ಎನ್ನಲು ವರ್ಕ್‌ಶಾಪಿನ ಹೆಸರು ಕೊರೆದ ಆ ತಗಡೇ ಸಾಕ್ಷಿ. ಇವತ್ತು ವಾಹನ ಮ್ಯೂಸಿಯಂನ ಪರೀಕ್ಷಕರು ಬರುವವರಿದ್ದರು. ಅವರು ಒಪ್ಪಿದರೆ ಗಾಡಿ ಮ್ಯೂಸಿಯಂ ಸೇರುತ್ತದೆ, ಮಾವನ ಹೆಸರು ಗೋಡೆಯ ಮೇಲೆ ಬರುತ್ತದೆ. ಓಡಾಡಿ, ಕೈಕಾಲು ಹಿಡಿದು ಇದನ್ನೆಲ್ಲ ಹೊಂದಿಸಿದವನು ಮನೆಯ ಅಳಿಯನಾದ ನಾನು. ಮದುವೆಯಾದ ಮೇಲೆ ನಾನು ಮಾಡಿದ ಒಂದೇ ಒಳ್ಳೆಯ ಕೆಲಸವೆಂದು ಹೆಂಡತಿಯೂ ಒಪ್ಪಿಕೊಂಡಿದ್ದಳು.

ಒಳಗೆ ಓಡಿ ಅತ್ತೆಗೆ ಹೇಳಿದೆ. ಅವರು ಎಂದಿನಂತೆ ಯಾವುದೋ ಕಾರಿನ ಸೀಟ್ ಕವರ್ ಹೊಲಿಯಲು ನೂಲಿಗೆ ಮೇಣ ತಿಕ್ಕುತ್ತ ಕೂತಿದ್ದರು.

"ಹೋದ್ರೆ ಹೋಯ್ತು ಬಿಡಿ. ಕಾಫಿ ಕುಡೀತೀರಾ?" ಎಂದರು.

ನಾದಿನಿ ಮಾತ್ರ ಬಿಡುವವಳಲ್ಲ. ಅವಳು ವಿಮಾ ಕಂಪನಿಯ ಸರ್ವೇಯರ್. ಗುದ್ದಿದ ಗಾಡಿಗಳನ್ನೂ ಸುಳ್ಳು ಹೇಳುವ ಮಾಲೀಕರನ್ನೂ ನೋಡಿ ನೋಡಿ, ಮನೆಯಲ್ಲಿ ಸಕ್ಕರೆ ಡಬ್ಬಿ ಜರುಗಿದ್ದರೂ ವಿಚಾರಣೆ ನಡೆಸುತ್ತಾಳೆ.

"ಕೊನೇ ಸಲ ಯಾವಾಗ ನೋಡಿದ್ರಿ ಭಾವ?"

"ನಿನ್ನೆ ಸಂಜೆ. ನಾನೇ ಉಜ್ಜಿ ಹೊಳಪು ಬರಿಸಿದ್ದೆ."

"ಬೀಗ?"

"ಒಡೆದಿಲ್ಲ. ಕೀ ಅಡುಗೆಮನೆ ಮೊಳೆ ಮೇಲೇ ಇತ್ತು."

"ಯಾರ ಮೇಲೆ ಅನುಮಾನ?"

ನನಗೆ ಅನುಮಾನವೇನು, ಖಾತ್ರಿಯೇ ಇತ್ತು. ಪಕ್ಕದ ಬೀದಿಯಲ್ಲಿ ಇಂಥದೇ ಪಿಕಪ್ ಇಟ್ಟುಕೊಂಡು, ತನ್ನದೇ ಅಸಲಿ ಎಂದು ಡಂಗುರ ಸಾರುವ ಆಸಾಮಿಯೊಬ್ಬನಿದ್ದಾನೆ. ಎಲ್ಲರೂ ಅವನನ್ನು ಡಬಲ್ ಹಾರ್ನ್ ಎನ್ನುತ್ತಾರೆ. ನಿನ್ನೆ ರಾತ್ರಿ ನಮ್ಮ ಅಡುಗೆಮನೆಯಲ್ಲೇ ಕೂತು ಕಾಫಿ ಕುಡಿದು ಹೋಗಿದ್ದ.

ಇಬ್ಬರೂ ಅವನ ಮನೆಗೆ ಹೋದೆವು. ಬಾನೆಟ್ ಒರೆಸುತ್ತಿದ್ದವನು ತಗಡಿನ ಮಾತೆತ್ತಿದ್ದೇ ಕೆರಳಿದ.

"ನಾನ್ಯಾಕೆ ಕದೀಲಿ? ನನ್ನ ಗಾಡೀಲೇ ಇದೆ, ನೋಡ್ಕೊಳ್ಳಿ—"

ಸ್ಟೇರಿಂಗ್ ಪಕ್ಕದಲ್ಲಿ ಒಂದು ಹೊಸ ತಗಡು ಮಿರಮಿರ ಮಿಂಚುತ್ತಿತ್ತು.

"ನಮ್ಮದರಲ್ಲಿ ಎಲ್ಲಿರುತ್ತೆ ಗೊತ್ತಾ?" ನಾದಿನಿ ಕೇಳಿದಳು.

"ಇಲ್ಲೇ ತಾನೇ ಇರೋದು?"

ಅವಳು ನಗು ತಡೆದುಕೊಂಡು ಹೊರಬಂದಳು. "ತಗಡು ಹಿಂದಿನ ಸೀಟಿನ ಹಿಂದಿರುತ್ತೆ ಅಂತಾನೇ ಪಾಪ ಇವನಿಗೆ ಗೊತ್ತಿಲ್ಲ. ಗೊತ್ತಿಲ್ಲದ ಜಾಗದಿಂದ ಹೇಗೆ ಕದೀತಾನೆ?"

ಉಳಿದವರು ಟಿಂಕರ್ ಮಾಮ. ಮಾವನ ಜೊತೆ ಕ್ಯಾಬಿನ್ ಕತ್ತರಿಸಿ ಬೆಸೆಯುತ್ತಿದ್ದವರು. ನಿನ್ನೆ ಬಾಗಿಲಿನ ತಗ್ಗು ಬಡಿಯಲು ಬಂದಿದ್ದರು. ಗಾಡಿ ಮ್ಯೂಸಿಯಂಗೆ ಹೋಗುವುದು ಅವರಿಗೆ ಇಷ್ಟವಿರಲಿಲ್ಲ. ಅವರ ಮನೆಗೂ ಹೋಗಿ ನಾದಿನಿ ವಿಚಾರಣೆ ಶುರುಮಾಡಿದಳು.

"ಮಾಮ, ನಿಮ್ಮಲ್ಲಿ ಏನಾದ್ರೂ ಬಿಚ್ಚಿದ್ರೆ ಸ್ಕ್ರೂ ಏನ್ ಮಾಡ್ತಿದ್ರಿ?"

"ಅದದೇ ತೂತಿಗೆ ವಾಪಸ್ ಹಾಕ್ತಿದ್ವಿ. ಒಂದು ಕೆಳಗೆ ಬಿದ್ದಿದ್ರೂ ನಿಮ್ಮಪ್ಪ ಊಟಕ್ಕೆ ಬಿಡ್ತಿರಲಿಲ್ಲ."

"ಒಣ ಸ್ಕ್ರೂನೇ ಹಾಕ್ತಿದ್ರಾ?"

"ಛೆ, ತುಕ್ಕು ಹಿಡಿಯಲ್ವಾ? ಗ್ರೀಸ್ ಸವರಿ ಹಾಕ್ಬೇಕು." ಅವರ ಉಗುರಿನ ಸಂದಿಯಲ್ಲೆಲ್ಲ ಅದೇ ಗ್ರೀಸ್ ಕಪ್ಪಗೆ ಕೂತಿತ್ತು.

ನಾದಿನಿ ಷೆಡ್ಡಿಗೆ ಬಂದು ಸೀಟಿನ ಹಿಂದೆ ತಲೆ ತೂರಿಸಿದಳು. ಏನನ್ನೋ ಉಗುರಿನಿಂದ ಕೆರೆದು ಮೂಸಿದಳು. ಅಷ್ಟರಲ್ಲಿ ಪರೀಕ್ಷಕರು ಬಂದೇಬಿಟ್ಟರು.

ನಾನು ತೊದಲುತ್ತ ತಗಡು ಕಳುವಾದ ಸುದ್ದಿ ಹೇಳಿದೆ. ಅವರು ಕಿವಿಗೇ ಹಾಕಿಕೊಳ್ಳಲಿಲ್ಲ. ಗಾಡಿಯ ಅಡಿಗೆ ನುಸುಳಿದರು, ಛಾವಣಿಯ ಬೆಸುಗೆ ಸವರಿದರು, ಸೀಟಿನ ಹೊಲಿಗೆ ತಿರುವಿ ನೋಡಿದರು.

"ತಗಡು ಯಾರು ಬೇಕಾದ್ರೂ ಮಾಡಿಸ್ತಾರೆ. ಈ ಬೆಸುಗೆ, ಈ ಹೊಲಿಗೆ ಮಾಡಿಸೋಕಾಗಲ್ಲ. ಅಪ್ಪಟ ಅಸಲಿ. ನಾಳೆ ಲಾರಿ ಕಳಿಸ್ತೀನಿ."

ನಾನು ಕುಣಿಯುವುದೊಂದು ಬಾಕಿ. ಆದರೆ ಕಾಫಿ ತಂದ ಅತ್ತೆ ಲೋಟ ಕೊಡುವುದು ಬಿಟ್ಟು ಗಾಡಿಯ ಬಾಗಿಲಿಗೆ ಅಡ್ಡ ನಿಂತರು.

"ಲಾರಿ ಬೇಡ ಸಾರ್. ಕಳ್ಳರು ಸಿಕ್ಕಿದ್ದಾರೆ," ಎಂದಳು ನಾದಿನಿ. "ಭಾವ, ನೀವು ತಗಡಿಲ್ಲ ಅನ್ನೋದನ್ನ ನೋಡಿದ್ರಿ, ಸ್ಕ್ರೂ ಇದೆ ಅನ್ನೋದನ್ನ ನೋಡಲಿಲ್ಲ. ಹೊರಗಿನ ಕಳ್ಳ ಸ್ಕ್ರೂ ಎಸೆದು ಓಡ್ತಾನೆ. ಇಲ್ಲಿ ಎಲ್ಲಾ ಸ್ಕ್ರೂನೂ ಅದದೇ ತೂತಲ್ಲಿ ಕೂತಿವೆ. ಅಂದ್ರೆ ಅಪ್ಪನ ವರ್ಕ್‌ಶಾಪಿನಲ್ಲಿ ಪಳಗಿದ ಕೈ. ಮಾಮ ಆಗಿದ್ರೆ ಗ್ರೀಸ್ ಇರ್ತಿತ್ತು. ಇಲ್ಲಿರೋದು ಮೇಣ. ಆ ವರ್ಕ್‌ಶಾಪಿನಲ್ಲಿ ಮೇಣ ಹಿಡೀತಿದ್ದೋರು ಒಬ್ಬರೇ, ಸೀಟು ಹೊಲೀತಿದ್ದೋರು— ಅಲ್ವೇನಮ್ಮಾ?"

ಅತ್ತೆ ಒಳಗೆ ಹೋಗಿ, ಹೊಲಿಗೆ ಯಂತ್ರದ ಡ್ರಾಯರಿನಿಂದ ತಗಡು ತಂದು ನನ್ನ ಕೈಗಿಟ್ಟರು.

"ನೀವು ಅಷ್ಟು ಓಡಾಡಿದ್ರಿ. ಅಳಿಯಂದಿರಿಗೆ ಹೇಗೆ ಬೇಡ ಅನ್ನೋದು? ತಗಡಿಲ್ಲ ಅಂದ್ರೆ ಅವರೇ ಬೇಡ ಅಂತಾರೆ ಅಂದ್ಕೊಂಡೆ." ಅವರು ಬಾನೆಟ್ಟಿನ ಮೇಲೆ ಕೈಯಿಟ್ಟರು. "ನಿಮ್ಮ ಮಾವ ಹೋದ್ಮೇಲೆ ನಾನು ಡ್ರೈವಿಂಗ್ ಕಲ್ತಿದ್ದು ಇದರಲ್ಲೇ. ಬಟ್ಟೆ ಗಂಟು ತರೋದು, ಕವರ್ ಕೊಟ್ಟು ಬರೋದು ಎಲ್ಲಾ ಇದರಲ್ಲೇ. ಮ್ಯೂಸಿಯಂನಲ್ಲಿ ಸುತ್ತ ಹಗ್ಗ ಕಟ್ಟಿ ನಿಲ್ಲಿಸಿಬಿಟ್ರೆ ಇದೂ ಕೂತುಬಿಡುತ್ತೆ, ನಾನೂ ಕೂತುಬಿಡ್ತೀನಿ."

ನನಗೆ ನಾಚಿಕೆಯಾಯಿತು. ಊರನ್ನೆಲ್ಲ ಕೇಳಿದ್ದೆ, ಗಾಡಿ ಓಡಿಸುವವರನ್ನು ಕೇಳಿರಲಿಲ್ಲ.

"ಹಾಗಾದ್ರೆ ಗೋಡೆಗೆ ಗಾಡಿ ಫೋಟೋ ಸಾಕು. ಯಜಮಾನರ ಹೆಸರಿನ ಜೊತೆ ನಿಮ್ಮದೂ ಇರಲಿ," ಎಂದು ಪರೀಕ್ಷಕರು ನಕ್ಕರು.

ತಗಡನ್ನು ಮತ್ತೆ ಕೂರಿಸಲು ನಾನು ಸ್ಕ್ರೂಡ್ರೈವರ್ ತಂದು, ಗ್ರೀಸ್ ಡಬ್ಬಿಗೆ ಕೈಹಾಕಿದೆ. ಅತ್ತೆ ಡಬ್ಬಿ ಮುಚ್ಚಿ, ಸೆರಗಿನ ತುದಿಯಿಂದ ಮೇಣದ ಉಂಡೆ ಬಿಚ್ಚಿ ಕೊಟ್ಟರು. ಆಮೇಲೆ ಪರೀಕ್ಷಕರನ್ನು ಬಸ್ ಸ್ಟಾಪಿಗೆ ಬಿಡಲು ಕೀ ತೆಗೆದುಕೊಂಡರು. ಮುಂದಿನ ಸೀಟು ಅತಿಥಿಗೆ ಹೋಯಿತು. ಅಳಿಯನಿಗೆ ಸಿಕ್ಕಿದ್ದು ಮಾವ ಬೆಸೆದ, ಅತ್ತೆ ಹೊಲಿದ ಹಿಂದಿನ ಸೀಟು.