ಮಟಮಟ ಮಧ್ಯಾಹ್ನ ಬರುವವನು

"ಒಳಗೆ ಬಾ ಅಂದೆ!"

"ಇಲ್ಲೇ ಸರಿ."

"ನೆತ್ತಿ ಸುಡೋ ಬಿಸಿಲಲ್ಲಿ ನಿಂತು ಇಲ್ಲೇ ಸರಿ ಅಂತಾನೆ! ತಲೆ ಕೆಟ್ಟಿದೆಯಾ ನಿಂಗೆ?"

ಹೊಲಿಗೆ ಅಂಗಡಿಯ ಹೊಸ್ತಿಲಲ್ಲಿ ನಿಂತು ಅವಳು ರೇಗಿದಳು. ಬೀದಿಯವರು ಅವಳನ್ನು ಸೂಜಿ ಎಂದೇ ಕರೆಯುತ್ತಿದ್ದರು, ಕೆಲಸಕ್ಕಿಂತ ಹೆಚ್ಚಾಗಿ ನಾಲಿಗೆಗಾಗಿ. ರಸ್ತೆಯ ಆಚೆ ಬದಿಗೆ ಮೇಸ್ತ್ರಿ ನಿಂತಿದ್ದ. ಮೈತುಂಬ ಸಿಮೆಂಟಿನ ಧೂಳು, ಕುತ್ತಿಗೆಯಿಂದ ಕೆನ್ನೆಯವರೆಗೆ ಸುತ್ತಿದ ಟವೆಲ್ಲು.

ಹೋದ ವರ್ಷ ಅವನಿಗೆ ಕಾಲಾ ಅಜಾರ್ ಬಂದಿತ್ತು. ಮರಳುನೊಣ ಕಚ್ಚಿ ಬರುವ ಕಪ್ಪುಜ್ವರ. ಬಿಟ್ಟೂ ಬಿಡದ ಜ್ವರ, ಪಕ್ಕೆಯ ಕೆಳಗೆ ಕಲ್ಲಿನಂಥ ಊತ. ಬದುಕಿದ್ದೇ ಹೆಚ್ಚು. ಆಸ್ಪತ್ರೆಯಿಂದ ಬಿಟ್ಟ ಸಂಜೆಯೇ ನೇರ ಅವಳ ಅಂಗಡಿಗೆ ಬಂದು, ಮೆಷಿನ್ನಿನ ಪಕ್ಕದ ಸ್ಟೂಲಿನ ಮೇಲೆ ಕುಕ್ಕರಿಸಿ, "ಸತ್ತಿದ್ರೆ ನಿನ್ನ ಬೈಗುಳ ತಪ್ಪಿಹೋಗ್ತಿತ್ತು" ಎಂದಿದ್ದ. ಆಮೇಲೆ ಒಂದು ಸಂಜೆಯೂ ತಪ್ಪಿಸಿರಲಿಲ್ಲ.

ಈಗ? ಎರಡು ತಿಂಗಳಿಂದ ಸಂಜೆ ನಾಪತ್ತೆ! ಬಂದರೆ ಮಟಮಟ ಮಧ್ಯಾಹ್ನ. ಬಿಸಿಲಲ್ಲೇ ನಿಲ್ಲುತ್ತಾನೆ. ಕಣ್ತುಂಬ ನೋಡುತ್ತಾನೆ. ಹೋಗುತ್ತಾನೆ.

"ಅಕ್ಕ ಒಂದು ಸಂಬಂಧ ತಂದಿದಾಳೆ. ಔಷಧಿ ಅಂಗಡಿಯವನು. ನಾಳೆ ಉತ್ತರ ಕೊಡ್ಬೇಕು." ಸೂಜಿಯ ದನಿ ನಡುಗಿತು. "ಏನು ಹೇಳ್ಲಿ?"

ಅವನು ನೆಲ ನೋಡಿದ.

"ಒಳ್ಳೆಯವನಾದ್ರೆ... ಒಪ್ಕೋ."

ಅಷ್ಟೇ ಹೇಳಿ ತಿರುಗಿ ನಡೆದೇಬಿಟ್ಟ!

ಮನೆಯಲ್ಲಿ ಅಕ್ಕ ಉರಿಯುವ ಬೆಂಕಿಗೆ ತುಪ್ಪ ಸುರಿದಳು. "ಗಂಡಸು ಬರೀ ಹಗಲಲ್ಲಿ ಮುಖ ತೋರಿಸ್ತಾನೆ ಅಂದ್ರೆ ಸಂಜೆ ಇನ್ನೊಬ್ಬಳ ಪಾಲು ಅಂತ ಅರ್ಥ. ಅಷ್ಟೂ ಗೊತ್ತಾಗಲ್ವೇನೇ ಪೆದ್ದಿ?"

'ಇನ್ನೊಬ್ಬಳು...'

ಸೂಜಿ ದುಪ್ಪಟ್ಟಾದ ಸಂಕಟ ನುಂಗಿಕೊಂಡಳು. ಇಷ್ಟು ದಿನವೂ ಆ ಸ್ಟೂಲಿನ ಮೇಲೆ ಒಂದು ತುಂಡು ಬಟ್ಟೆ ಇಡದೆ ಕಾದಿದ್ದಳಲ್ಲ! ಚಪ್ಪಲಿ ಸದ್ದಾದಾಗಲೆಲ್ಲ ಮೆಷಿನ್ ನಿಲ್ಲಿಸಿ ಬಾಗಿಲು ನೋಡಿದ್ದಳಲ್ಲ!

'ಇರಲಿ. ಅವಳ ಮುಖ ನೋಡಿಯೇ ಉತ್ತರ ಕೊಡ್ತೀನಿ.'

ಬಿಸಿಲು ಬಾಡುವ ಹೊತ್ತಿಗೆ ಅವನು ಕೆಲಸ ಮಾಡುವ ಕಟ್ಟಡಕ್ಕೆ ಬಂದಳು. ಕಾವಲಿನ ತಾತ ಬೀಡಿ ತುದಿಯಿಂದಲೇ ಮೇಲೆ ತೋರಿಸಿದ.

"ಕಟ್ಟಕಡೆ ಮಹಡಿ ಕಣಮ್ಮ. ಹೊತ್ತು ಇಳಿಯೋಕೆ ಮುಂಚೆ ಹತ್ತಿದ್ರೆ ಬೆಳಗಾಗೋವರೆಗೂ ಇಳಿಯಲ್ಲ. ತಪಸ್ಸು ಮಾಡ್ತಾನೋ ಏನೋ ಪುಣ್ಯಾತ್ಮ!"

ಕಂಬಿಯಿಲ್ಲದ ಮೆಟ್ಟಿಲು ಏರಿ ಅವಳು ಏದುಸಿರು ಬಿಟ್ಟಳು. ಬಯಲು ಮಹಡಿಯ ನಡುವೆ ಒತ್ತು ನೇಯ್ಗೆಯ ಬಿಳಿ ಸೊಳ್ಳೆಪರದೆ. ಸುತ್ತ ಅಂಚಿನ ಮೇಲೆ ಇಟ್ಟಿಗೆ ಹೇರಿದೆ. ಒಳಗೆ ಏನೋ ಅಲುಗಿತು.



"ಯಾವಳೇ ಅವಳು ಒಳಗೆ? ಬಾರೇ ಹೊರಗೆ!"

"ಒಳಗೆ ನಾನೊಬ್ಬನೇ ಇರೋದು ತಾಯಿ!" ಮೇಸ್ತ್ರಿ ಗಾಬರಿಯಿಂದ ಕೂಗಿದ. "ಅಲ್ಲೇ ನಿಲ್ಲು! ಹತ್ತಿರ ಬರ್ಬೇಡ!"

ಪರದೆಯ ಅಂಚಿಗೆ ಬಂದ ಅವನ ಮುಖಕ್ಕೆ ಟವೆಲ್ಲಿರಲಿಲ್ಲ. ಕೆನ್ನೆ, ಗದ್ದ, ಕತ್ತಿನ ಮೇಲೆಲ್ಲ ಸುಣ್ಣ ಸಿಡಿದಂತೆ ಬಿಳಿಚಿದ ಕಲೆಗಳು.

"ಏನಿದು...?"

"ಹಳೇ ಜ್ವರದ್ದೇ ಉಳಿಕೆ. ಜ್ವರ ಹೋಯ್ತು, ಅದರ ಹುಳ ಚರ್ಮದೊಳಗೆ ಉಳ್ಕೊಂಡಿದೆಯಂತೆ. ನಂಗೆ ನೋವಿಲ್ಲ. ಆದ್ರೆ ನನ್ನ ಕಚ್ಚಿದ ನೊಣ ನಿನ್ನ ಕಚ್ಚಿದ್ರೆ... ಆ ಜ್ವರ ನಿಂಗೆ ಬರಬಹುದು. ಹಾಳಾದ್ದು, ಸದ್ದೂ ಮಾಡಲ್ಲ! ಹಗಲು ಕತ್ತಲೆ ಕೋಣೇಲಿ, ಗೋಡೆ ಬಿರುಕಲ್ಲಿ ಅಡಗಿರುತ್ತೆ. ಸಂಜೆ ಆದ್ರೆ ಹೊರಡುತ್ತೆ. ಇಷ್ಟು ಎತ್ತರಕ್ಕೆ ಅಷ್ಟಾಗಿ ಹಾರಲ್ಲ, ಅದಕ್ಕೇ ಇಲ್ಲಿ..."

"ಔಷಧಿ?"

"ನುಂಗ್ತಿದೀನಿ. ಹೊಟ್ಟೆ ತೊಳಸುತ್ತೆ, ಆದ್ರೂ ಬಿಟ್ಟಿಲ್ಲ. ಇನ್ನೂ ಒಂದು ತಿಂಗಳಿದೆ."

"ಮುಟ್ಟಿದ್ರೆ ಬರುತ್ತಾ?"

"ಇಲ್ಲ."

"ಬಿಸಿಲಲ್ಲಿ ನೊಣ ಇರುತ್ತಾ?"

"...ಇಲ್ಲ."

"ಮತ್ತೆ ನಡುಮಧ್ಯಾಹ್ನ ರಸ್ತೆ ಆಚೆ ಯಾಕೋ ನಿಲ್ತಿದ್ದೆ?"

ಅವನು ಕೆನ್ನೆಯ ಕಲೆಗಳಿಗೆ ಕೈ ಅಡ್ಡ ಹಿಡಿದ.

ಹೇಗೆ ಹೇಳಿಯಾನು? ಜ್ವರ ಬಂದಾಗ ಅವಳ ಬೀದಿಯವರೇ ಅವನ ಮಂಚವನ್ನು ರಸ್ತೆಗೆಳೆದಿದ್ದರು. ಅವನು ಚಹಾ ಕುಡಿದ ಲೋಟವನ್ನು ಕಡ್ಡಿಯಲ್ಲಿ ಎತ್ತಿ ಎಸೆದಿದ್ದರು. ಥೂ! ತಾವೇ ಸುರಿದ ಕಸದಲ್ಲಿ, ತಾವು ಮುಚ್ಚದ ಬಿರುಕಿನಲ್ಲಿ ಬೆಳೆದ ನೊಣದ ಮೇಲೆ ಒಬ್ಬನಿಗೂ ಸಿಟ್ಟಿಲ್ಲ; ಅದು ಕಚ್ಚಿದವನ ಮೇಲೆ ಮಾತ್ರ!

"ಈ ಮುಖ ನೋಡಿ ನೀನೂ ಒಂದು ಹೆಜ್ಜೆ ಹಿಂದೆ ಸರಿದ್ರೆ... ತಡ್ಕೊಳೋ ಶಕ್ತಿ ನಂಗಿಲ್ಲ ಸೂಜಿ. ನೀನು ಇನ್ನೊಬ್ಬರ ಮನೇಲಾದ್ರೂ ನಗ್ತಾ ಇರ್ಲಿ ಅಂತ..." ಅವನು ಮುಖ ತಿರುಗಿಸಿದ. "ಕತ್ತಲಾಗುತ್ತೆ. ಹೋಗು. ದಮ್ಮಯ್ಯ ಅಂತೀನಿ, ಹೋಗು."

ಅವಳು ತಿರುಗಿ ಮೆಟ್ಟಿಲಿಳಿದಳು.

'ಮುಗೀತು' ಎಂದುಕೊಂಡ ಅವನು. ಪರದೆಯೊಳಗೆ ಮುಖ ಮುಚ್ಚಿಕೊಂಡು ಮಗುವಿನಂತೆ ಅತ್ತ.

ಮರುದಿನ ಮಧ್ಯಾಹ್ನ ಅವನು ಅಂಗಡಿಯತ್ತ ಹೋಗಲಿಲ್ಲ. ಕೂಲಿಯವರೆಲ್ಲ ಬುತ್ತಿ ಬಿಚ್ಚಿದ್ದರು. ಅವನೊಬ್ಬ ಜಲ್ಲಿರಾಶಿಯ ಪಕ್ಕ ಬಿಸಿಲಿಗೆ ಮೈಯೊಡ್ಡಿ ಕುಳಿತಿದ್ದ. ಗೇಟಿನ ಕಡೆ ನೋಡಬಾರದೆಂದುಕೊಂಡೇ ನೋಡುತ್ತಿದ್ದ.

ಸೂಜಿ ಬಂದಳು! ಬಂದವಳೇ ಎಲ್ಲರೆದುರು ಅವನ ಟವೆಲ್ಲು ಕಿತ್ತೆಳೆದು, ಕಲೆಗಳ ಮೇಲೆಯೇ ಎರಡೂ ಅಂಗೈ ಇಟ್ಟು ಅವನ ಮುಖ ಎತ್ತಿ ಹಿಡಿದಳು.

"ಎಲ್ರೂ ನೋಡ್ತಿದಾರೆ ಕಣೇ..."

"ನೋಡ್ಲಿ. ಔಷಧಿ ಮಾರೋನು ಬೇಡ, ಔಷಧಿ ನುಂಗೋನೇ ಸಾಕು ಅಂತ ಅಕ್ಕಂಗೆ ಹೇಳಿ ಬಂದೆ."

"ಏನಂದ್ಲು?"

"ಸೌಟು ಬೀಸಿದ್ಲು. ಬಗ್ಗಿದೆ."

ಅವನಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. "ಆದ್ರೆ ಸಂಜೆಗಳು... ವಾಸಿ ಆಗಿದೆ ಅಂತ ಡಾಕ್ಟರ್ ಹೇಳೋವರೆಗೂ..."

"ಗೊತ್ತು. ನೀನು ಮೇಲೆ, ನಾನು ಕೆಳಗೆ." ಅವಳ ಕಣ್ಣು ತುಂಬಿತು. "ಹೊಟ್ಟೆ ಉರಿಯುತ್ತೆ ಕಣೋ, ಆದ್ರೂ ಕಾಯ್ತೀನಿ."

"ಕಲೆ ಹೋಗೋಕೆ ತುಂಬಾ ದಿನ ಬೇಕಂತೆ. ಹೋಗದೇ ಇದ್ರೆ?"

"ಇರ್ಲಿ ಬಿಡು. ಜನರ ನಡುವೆ ಹುಡುಕೋಕೆ ಸುಲಭ."

"ಸೂಜಿ..."

"ಬಾಯಿ ಮುಚ್ಕೊಂಡು ಕೂತ್ಕೋ. ಬಿಸಿಲು ಇನ್ನೂ ಇದೆ."